ಆರೈಕೆ ಪಟ್ಟಿಗೆ ಬಂದ ವರ್ಷ

ಊರಂಚಿನ ಗೇಟಿನ ಕಂಬದ ಮೈಕು ಕೆಮ್ಮಿ ಕ್ಯಾಕರಿಸಿ ಆ ವರ್ಷದ ಪಟ್ಟಿ ಓದಲು ಶುರು ಮಾಡಿದಾಗ ನಮ್ಮ ವೈನಿ ಶಾವಂತ್ರಿ ಅವ್ವನನ್ನು ಬಲಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಪೌಡರು ಹಚ್ಚುತ್ತಿದ್ದಳು. ವೈನಿ ಅಂದರೆ ನನ್ನ ಅಣ್ಣ ಮೌನೇಶನ ಹೆಂಡತಿ. ಅವ್ವನ ಎಡಗೈ ಎಡಗಾಲಿಗೆ ಲಕ್ವಾ ಹೊಡೆದು ಒಂಬತ್ತು ವರ್ಷವಾಗಿತ್ತು. ಬಾಯಿ ಮಾತ್ರ ಮೊದಲಿಗಿಂತ ಗಟ್ಟಿಯಾಗಿತ್ತು. ಅಣ್ಣ ಹೊಸ್ತಿಲ ಮೇಲೆ ಕುಳಿತು ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. ಪಟ್ಟಿ ಓದುವ ದಿನ ನಮ್ಮೂರಿನಲ್ಲಿ ಎಲ್ಲರೂ ಹಾಗೆಯೇ ಕೂರುತ್ತಾರೆ. ಗೇಟಿನ ಆಚೆಯವರಿಗೆ ಯಾವ ಕೆಲಸದವರು ಬೇಕೋ ಆ ಕೆಲಸದ ಹೆಸರನ್ನು ಪಟ್ಟಿಗೆ ಸೇರಿಸುತ್ತಾರೆ, ಸಾಕೆನಿಸಿದಾಗ ತೆಗೆಯುತ್ತಾರೆ. ತೆಗೆದ ಕೆಲಸ, ಓದುವವನ ದನಿ ಆರುವುದರೊಳಗೆ, ಈಚೆ ಇರುವ ಎಲ್ಲರ ಕೈ ಬಿಟ್ಟು ಹೋಗುತ್ತದೆ.

ನಾನು ಬಟ್ಟೆ ಹೊಲಿಯುತ್ತಿದ್ದೆ. ಹೊಲಿಗೆಯ ಹೆಸರು ತೆಗೆದ ದಿನ ರವಿಕೆಗೆ ಒಂದು ತೋಳು ಕೂಡಿಸಿ ಇನ್ನೊಂದನ್ನು ಎತ್ತಿಕೊಂಡಿದ್ದೆ. ಮೈಕಿನ ಮಾತು ಮುಗಿಯಿತು, ಸೂಜಿಯಲ್ಲಿ ದಾರ ಯಾಕಿದೆ ಎಂದು ನನಗೆ ಹೊಳೆಯಲಿಲ್ಲ. ಆ ವರ್ಷ ಊರಿನ ಎಷ್ಟೋ ಹೆಂಗಸರು ಒಂಟಿ ತೋಳಿನ ರವಿಕೆಯ ಮೇಲೆ ಸೆರಗು ಹೊದ್ದು ತಿರುಗಿದರು. ಗೌಂಡಿ ಕೆಲಸ ತೆಗೆದ ವರ್ಷ ಕಟ್ಟುತ್ತಿದ್ದ ಮೆಟ್ಟಿಲುಗಳೆಲ್ಲ ಅರ್ಧಕ್ಕೇ ನಿಂತವು. ಇವತ್ತಿಗೂ ಮಾಳಿಗೆ ಹತ್ತುವವರು ಅರ್ಧ ದಾರಿಗೆ ಏಣಿ ಹಚ್ಚುತ್ತಾರೆ. ಅಣ್ಣ ವೆಲ್ಡರ್. ವೆಲ್ಡಿಂಗ್ ಪಟ್ಟಿಯಲ್ಲಿದ್ದ ಏಳು ವರ್ಷ ಊರಿನ ಗಂಡಸರೆಲ್ಲ ಅದನ್ನೇ ಕಲಿತು, ಕೈ ಪಳಗಲೆಂದು ಕಿಟಕಿಯ ಸರಳಿನ ಮೇಲೆ ಸರಳು ಬೆಸೆದು, ಮನೆಯೊಳಗೆ ಗಾಳಿ ಸುಳಿಯದಂತೆ ಮಾಡಿಬಿಟ್ಟಿದ್ದರು. ಆ ಹೆಸರು ತೆಗೆದಾಗ ಅಣ್ಣ ಗೇಟಿನ ಹತ್ತಿರವೇ ಒಂದು ಟ್ರಾಲಿ ಬೆಸೆಯುತ್ತಿದ್ದ. ಮುಖಕ್ಕೆ ಹಿಡಿದ ಕರಿಗಾಜು ಯಾಕೆಂದು ತಿಳಿಯದೆ ಅದನ್ನು ನೆಲಕ್ಕಿಟ್ಟು ಬರಿಗಣ್ಣಲ್ಲಿ ಕಿಡಿ ನೋಡುತ್ತ ನಿಂತನಂತೆ. ಅಂದಿನಿಂದ ಅವನ ಕಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಈಗ ಖಡಿ, ಅಂದರೆ ಜಲ್ಲಿಕಲ್ಲು, ಹೊರುತ್ತಾನೆ. ಖಡಿ ಹೊರುವುದು ಯಾವತ್ತೂ ಪಟ್ಟಿಗೆ ಬಂದಿಲ್ಲ, ಹಾಗಾಗಿ ಹೋಗಿಯೂ ಇಲ್ಲ. ರೊಟ್ಟಿ ಬಡಿಯುವುದು, ಬೈಯುವುದು, ಸತ್ತವರಿಗೆ ಅಳುವುದು, ಇವೂ ಹಾಗೆಯೇ ಉಳಿದುಕೊಂಡಿದ್ದವು.

ಗೇಟು ದಾಟಿದವರ ಕೈಗೆ ಹೋದ ಕೆಲಸ ಮರಳಿ ಬರುತ್ತದೆ ಎಂಬುದು ಊರಿನ ನಂಬಿಕೆ. ದಾಟಿ ಹೋದವರು ಯಾರೂ ತಿರುಗಿ ಬಂದು ಹೌದು ಎಂದು ಹೇಳಿಲ್ಲ, ಅಲ್ಲ ಎಂದೂ ಹೇಳಿಲ್ಲ. ದಾಟಲು ಅರವತ್ತೈದು ಅಂಕ ಬೇಕು. ವಯಸ್ಸಿಗೆ ಇಷ್ಟು, ಆಚೆಯವರ ಮಾತು ಬಂದರೆ ಇಷ್ಟು, ಪಟ್ಟಿಯಲ್ಲಿರುವ ಕೆಲಸಕ್ಕೆ ಇಷ್ಟು, ಅದರಲ್ಲಿ ಅನುಭವಕ್ಕೆ ಇಷ್ಟು, ಗಂಡನಿಗೋ ಹೆಂಡತಿಗೋ ಕೆಲಸವಿದ್ದರೆ ಇನ್ನಷ್ಟು. ಒಬ್ಬರಿಗೆ ಅಂಕ ತುಂಬಿದರೆ ಗಂಡಹೆಂಡತಿ ಇಬ್ಬರೂ ದಾಟಬಹುದು. ಮೂವತ್ತೆರಡು ದಾಟಿದರೆ ವಯಸ್ಸಿನ ಅಂಕ ಇಳಿಯುತ್ತದೆ, ನಲವತ್ತಕ್ಕೆ ಮತ್ತೂ ಇಳಿಯುತ್ತದೆ, ನಲವತ್ತೈದಕ್ಕೆ ಏನೂ ಉಳಿಯುವುದಿಲ್ಲ. ಹೀಗಾಗಿ ನಮ್ಮಲ್ಲಿ ಹುಟ್ಟಿದ ದಿನಕ್ಕೆ ಯಾರೂ ಸಿಹಿ ಮಾಡುವುದಿಲ್ಲ. ಆ ದಿನ ಮನೆಯವರು ಒಬ್ಬರ ಮುಖ ಒಬ್ಬರು ನೋಡದೆ ಉಣ್ಣುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯ ಬಣ್ಣ ಕೇಳುವ ಕಾಲ ಹೋಗಿ ಅಂಕ ಕೇಳುವ ಕಾಲ ಬಂದಿದೆ. ನಾನೂ ಅಣ್ಣನೂ ನಲವತ್ತೈದು ದಾಟಿದವರು, ಕೈಯಲ್ಲಿ ಕೆಲಸವಿಲ್ಲದವರು. ನಮ್ಮನ್ನು ಅಳೆಯಲು ಯಾರೂ ಬರುವುದಿಲ್ಲ. ವೈನಿಗೆ ಮೂವತ್ತೆಂಟು. ಆದರೆ ಅವಳಿಗೆ ಎಂದೂ ಒಂದು ಕೆಲಸವೆಂಬುದೇ ಇರಲಿಲ್ಲ. ನಿನ್ನ ಹೆಂಡತಿ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅಣ್ಣ, ಏನಿಲ್ಲ, ಮನೆಯಲ್ಲಿರುತ್ತಾಳೆ ಎನ್ನುತ್ತಿದ್ದ.

ಆ ದಿನ ಮೈಕು ಏನನ್ನೂ ತೆಗೆಯಲಿಲ್ಲ. ಕಡೆಗೆ ಒಂದು ಹೆಸರು ಸೇರಿಸಿತು: ವೃದ್ಧರ, ರೋಗಿಗಳ, ಮಕ್ಕಳ ಆರೈಕೆ.

ಓಣಿಯವರು ಕೆಲಸ ಬಿಟ್ಟು ಮೈಕಿನ ಕಡೆ ತಿರುಗಿದರು. ಆಮೇಲೆ ಎಲ್ಲೋ ಒಬ್ಬಳು ನಕ್ಕಳು, ನಗು ಮನೆಯಿಂದ ಮನೆಗೆ ಹಬ್ಬಿತು. ಇದಕ್ಕೂ ಅಂಕವಾ ಎಂದು ಕೇಳಿಕೊಂಡು ಹೆಂಗಸರು ಬಾಗಿಲಿಗೆ ಬಂದರು. ಒಳಗೆ ಅವ್ವ ಗೋಡೆಯ ಕಡೆ ಮುಖ ಮಾಡಿದ್ದಳು. ಹಾಗೇ ಮಲಗಿಕೊಂಡು ಕೇಳಿದಳು:

"ಶಾವಂತ್ರಿ, ನನ್ನ ಕುಂಡಿ ತೊಳಿಯೂದಕ್ಕ ಅಂಕ ಕೊಡ್ತಾರಂತ?"

"ಹೂನ್ರಿ ಅತ್ತಿ."

"ಹಂಗಾರ ಒಂಬತ್ತು ವರ್ಷ ಫುಕಟ್ ತೊಳದಿ ನೋಡು."

ವೈನಿ ನಕ್ಕಳು. ನಗುತ್ತ ನಗುತ್ತ ಪೌಡರಿನ ಕೈಯನ್ನೇ ಕಣ್ಣಿಗೆ ಒತ್ತಿಕೊಂಡಳು. ಮುಖವೆಲ್ಲ ಬೆಳ್ಳಗಾಯಿತು. ಅಣ್ಣ ಹೊಸ್ತಿಲಿನಿಂದ ಎದ್ದು ಅವಳ ಕೈ ನೋಡಿದ. ತನ್ನ ಕೈಯನ್ನಲ್ಲ, ಅವಳದನ್ನು. ಹಾಗೆ ನೋಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮರುದಿನದಿಂದ ಊರಿಗೆ ಆರೈಕೆಯ ಹುಚ್ಚು ಹಿಡಿಯಿತು. ಪಟ್ಟಿಗೆ ಯಾವ ಕೆಲಸ ಬಂದರೂ ನಮ್ಮವರು ಅದರ ಮೇಲೆ ಮುಗಿಬೀಳುವುದು ವಾಡಿಕೆ. ಗಟ್ಟಿಮುಟ್ಟಾದ ಮುದುಕರನ್ನು ಮೊಮ್ಮಕ್ಕಳು ಹಿಡಿದು ಮಲಗಿಸಿ ಹೊರಳಿಸಿದರು. ತಾವೇ ಉಣ್ಣಬಲ್ಲ ಅಜ್ಜಂದಿರ ಬಾಯಿಗೆ ಚಮಚೆಯಲ್ಲಿ ಗಂಜಿ ಹಾಕಿದರು. ನಿಜವಾಗಿ ಹಾಸಿಗೆ ಹಿಡಿದವರಿಗಂತೂ ಎಲ್ಲಿಲ್ಲದ ಬೆಲೆ ಬಂತು. ಅವ್ವನನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಕೊಡಿ ಎಂದು ಕೇಳಿಕೊಂಡು ಹಣ್ಣು, ಬಿಸ್ಕತ್ತು ಹಿಡಿದು ಜನ ಬಂದರು. ಒಂದೇ ದಿನ ಬೇರೆ ಬೇರೆ ಹುಡುಗಿಯರು ಅವಳ ತಲೆ ಬಾಚಿದರು, ಉಗುರು ಕತ್ತರಿಸಿದರು, ಇಲ್ಲದ ಉಗುರನ್ನೂ ಕತ್ತರಿಸಲು ನೋಡಿದರು. ತನ್ನ ಮದುವೆಯಲ್ಲೂ ಇಷ್ಟು ಜನ ತನ್ನನ್ನು ಮುಟ್ಟಿರಲಿಲ್ಲ ಎಂದು ಅವ್ವ ಎಲ್ಲರೆದುರಿಗೂ ಹೇಳಿ ಹುಡುಗಿಯರನ್ನು ನಾಚಿಸಿದಳು.

ವೈನಿ ಸಂಜೆಹೊತ್ತು ಆಚೆಯವರ ಮಾತು ಕಲಿಯಲು ಹೋಗತೊಡಗಿದಳು. ಕೇಳುವುದು, ಆಡುವುದು, ಓದುವುದು, ಬರೆಯುವುದು ಎಂದು ನಾಲ್ಕು ಪರೀಕ್ಷೆ. ಕಲಿತದ್ದನ್ನು ಅವ್ವನ ಮೇಲೆ ಪ್ರಯೋಗ ಮಾಡುತ್ತಿದ್ದಳು. ನೋವು ಎಲ್ಲಿದೆ, ಎಷ್ಟಿದೆ, ಒಂದರಿಂದ ಹತ್ತರವರೆಗೆ ಹೇಳಿ ಎಂದು ಆ ಮಾತಿನಲ್ಲಿ ಕೇಳಿದರೆ ಅವ್ವ ನಮ್ಮ ಮಾತಿನಲ್ಲಿ ಅಚ್ಚ ಬೈಗುಳವೊಂದನ್ನು ಉತ್ತರವಾಗಿ ಕೊಡುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಆದರೆ ಅವ್ವನನ್ನು ಆಚೆ ಬಿಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಹಾಸಿಗೆ ಹಿಡಿದವರು ಅವರ ದವಾಖಾನೆಗೆ ಭಾರವಂತೆ. ಅವರ ತಾಯಂದಿರನ್ನು ಹೊರಳಿಸಲು ನಮ್ಮ ಹೆಂಗಸರು ಬೇಕು, ನಮ್ಮ ತಾಯಂದಿರು ಬೇಡ. ಇದನ್ನು ಅನ್ಯಾಯವೆಂದು ಕರೆಯುವ ಅಭ್ಯಾಸ ನಮ್ಮೂರಿನಲ್ಲಿ ಎಂದೋ ಹೋಗಿತ್ತು, ನಿಯಮ ಎನ್ನುತ್ತಿದ್ದೆವು. ಅಣ್ಣ ವೈನಿ ದಾಟಿದರೆ ಅವ್ವನನ್ನು ನಾನು ನೋಡಿಕೊಳ್ಳುವುದೆಂದು ಮಾತಾಯಿತು. ಅದಕ್ಕೆ ಅವ್ವನನ್ನು ಯಾರೂ ಕೇಳಲಿಲ್ಲ.

ಅಂಕ ಅಳೆಯಲು ಆಚೆಯಿಂದ ಒಬ್ಬರು ಮೇಡಂ ಬಂದರು. ನೆಗಡಿಯಾಗಿತ್ತು, ಮೆತ್ತಗಿನ ದನಿ, ಒಳ್ಳೆಯವರಂತೆಯೇ ಕಂಡರು. ಚಹಾ ಕೊಟ್ಟರೆ ನಿಯಮವಿಲ್ಲವೆಂದು ಬೇಡವೆಂದರು. ವೈನಿ ಅವ್ವನನ್ನು ಎತ್ತಿ ಕೂರಿಸಿ ತೋರಿಸಿದಳು, ಅಂಕ ಬಿತ್ತು. ಹೊರಳಿಸಿದಳು, ಬಿತ್ತು. ಉಣ್ಣಿಸಿದಳು, ಬಿತ್ತು. ಉಣ್ಣಿಸುವಾಗ ಆಡುವ ಮಾತಿಗೆ, ಬೈಸಿಕೊಳ್ಳುವುದಕ್ಕೆ, ಬೀಳಲಿಲ್ಲ. ಆಮೇಲೆ ಮೇಡಂ ಕೇಳತೊಡಗಿದರು. ಮೊದಲು ಯಾವ ಕೈ ಭುಜದ ಕೆಳಗೆ ಹೋಗುತ್ತದೆ, ಯಾಕೆ ಅದೇ ಕೈ, ಹುಣ್ಣಾಗುವ ಮುನ್ನ ಚರ್ಮ ಯಾವ ಬಣ್ಣಕ್ಕೆ ತಿರುಗುತ್ತದೆ. ವೈನಿ ಇದನ್ನೆಲ್ಲ ಯಾವತ್ತೂ ಮಾತಿನಲ್ಲಿ ಹೇಳಿದವಳಲ್ಲ. ತಡವರಿಸಿದಳು, ಹೇಳುತ್ತ ಹೇಳುತ್ತ ಚುರುಕಾದಳು. ತಾನು ಇಷ್ಟೆಲ್ಲ ಬಲ್ಲವಳೇ ಎಂದು ಅವಳಿಗೇ ಬೆರಗು. ಕೆನ್ನೆ ಕೆಂಪಾಗಿತ್ತು.

"ಅಜ್ಜಿಗೆ ಬಾಯಾರಿಕೆ ಆಗಿದೆ ಅಂತ ಹೇಗೆ ಗೊತ್ತಾಗುತ್ತದೆ ನಿಮಗೆ?" ಎಂದರು ಮೇಡಂ.

ವೈನಿ ಅವ್ವನ ಮುಖ ನೋಡಿದಳು. "ಬೈಯೂದು ನಿಲ್ಲಸ್ತಾರ್ರಿ. ಸುಮ್ನ ಅದಾರಂದ್ರ ನೀರಡಿಕಿ ಆಗೇತಿ ಅಂತನ."

ಅದೂ ಬರೆದುಕೊಂಡಾಯಿತು. ಮೇಡಂ ಹೋದಮೇಲೆ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ವೈನಿ ನೀರು ತಂದಳು. ಅವ್ವ ಬಲಗೈಯಿಂದ ಲೋಟ ಸರಿಸಿ, ಇದು ಆ ಸುಮ್ಮನಲ್ಲ ಎಂದಳು.

"ಎಲ್ಲಾ ಹೇಳಿ ಕೊಟ್ಟಿ ಹೌದಿಲ್ಲೋ? ಗೌಂಡ್ಯಾರ ಕಡೆ ಹಿಂಗ ಬಂದು ಕೇಳಿ ಬರ್ಕೊಂಡು ಹೋಗಿದ್ರು. ಈ ನೀಲವ್ವನ ಕಡೆನೂ ಕೇಳಿದ್ರು, ಸೂಜಿ ಹೆಂಗ ಹಿಡೀತಿ ಅಂತ. ಅವರು ಬರ್ಕೊಳ್ಳದ ಇದ್ದದ್ದಷ್ಟ ನಮ್ಮ ಹತ್ರ ಉಳದೈತಿ, ತಂಗಿ."

ನೀಲವ್ವ ಅಂದರೆ ನಾನು. ಅವ್ವ ಹೇಳಿದ್ದು ನಿಜವೆಂದು ನನಗೆ ಅನ್ನಿಸಿತು. ವೈನಿಗೆ ಹಾಗೆ ಅನ್ನಿಸಿರಲಾರದು. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ಅವಳೆದುರು ಕುಳಿತು ನೀವು ಮಾಡುವುದು ಕೆಲಸ ಎಂದಿದ್ದರು.

ಅಂಕ ಗೊತ್ತಾದ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ವಯಸ್ಸಿಗೆ ಇಪ್ಪತ್ತೈದು, ಮಾತಿಗೆ ಹತ್ತು, ಕೆಲಸಕ್ಕೆ ಇಪ್ಪತ್ತು, ಐವತ್ತೈದಕ್ಕೆ ನಿಂತಿತ್ತು. ಅನುಭವದ ಮುಂದೆ ಏನೂ ಇರಲಿಲ್ಲ. ವೈನಿ ಗೇಟಿನ ಕಚೇರಿಗೆ ಓಡಿದಳು, ನಾನೂ ಹಿಂದೆ ಹೋದೆ. ಒಂಬತ್ತು ವರ್ಷ ಮಾಡಿದ್ದು ಎಲ್ಲಿ ಹೋಯಿತು ಎಂದು ಅವಳು ಕೇಳಿದಳು. ಅದೇ ಮೇಡಂ ಬೇಸರಪಟ್ಟುಕೊಳ್ಳದೆ ತಿಳಿಸಿ ಹೇಳಿದರು. "ನೋಡಿ, ಸ್ವಂತದವರನ್ನು ನೋಡಿಕೊಳ್ಳುವುದು ಪ್ರೀತಿ. ಪ್ರೀತಿಗೆ ಅಂಕ ಇರುವುದಿಲ್ಲ." ಬೇರೆಯವರನ್ನು ಒಂದು ವರ್ಷ, ಪೂರ್ತಿ ಹೊತ್ತು ನೋಡಿಕೊಂಡರೆ ಹತ್ತು ಸಿಗುತ್ತದೆ. ಮನೆಯಲ್ಲಿ ಸ್ವಂತ ರೋಗಿ ಇದ್ದರೆ ಅದು ಪೂರ್ತಿ ಹೊತ್ತು ಅನ್ನಿಸಿಕೊಳ್ಳುವುದಿಲ್ಲ. ವೈನಿಗೆ ನಲವತ್ತು ತುಂಬಲು ವರ್ಷದ ಮೇಲೆ ಕೆಲವೇ ವಾರಗಳಿದ್ದವು. ತುಂಬಿದರೆ ವಯಸ್ಸಿನ ಅಂಕದಲ್ಲಿ ಹತ್ತು ಹೋಗಿ ಲೆಕ್ಕ ಮತ್ತೆ ಐವತ್ತೈದಕ್ಕೇ ಬರುತ್ತಿತ್ತು.

ನಮ್ಮ ಮನೆಯೊಂದರದ್ದೇ ಕಥೆಯಲ್ಲ ಇದು. ಊರಿನಲ್ಲಿ ಎಲ್ಲರೂ ತಮ್ಮ ತಮ್ಮ ತಾಯಿತಂದೆಯನ್ನೇ ನೋಡಿಕೊಂಡವರು, ಎಲ್ಲರಿಗೂ ಅನುಭವ ಸೊನ್ನೆ. ಹಾಗಾಗಿ ಊರು ಒಂದು ಉಪಾಯ ಮಾಡಿತು. ಇಂಥ ಉಪಾಯ ನಮ್ಮೂರಿನವರಿಗೆ ಮಾತ್ರ ಹೊಳೆಯುವಂಥದ್ದು. ಮುದುಕರನ್ನು ಅದಲು ಬದಲು ಮಾಡಿಕೊಂಡೆವು. ನಿನ್ನ ಅತ್ತೆ ನನ್ನ ಮನೆಗೆ, ನನ್ನ ಮಾವ ನಿನ್ನ ಮನೆಗೆ. ಒಂದು ವಾರ ಓಣಿಗಳ ತುಂಬ ಮಂಚಗಳೇ. ಎದುರುಬದುರಾದ ಮಂಚಗಳ ಮೇಲಿನಿಂದ ಮುದುಕರು ಒಬ್ಬರನ್ನೊಬ್ಬರು ಎಲ್ಲಿಗೆ ಎಂದು ಕೇಳುತ್ತಿದ್ದರು.

ಪಕ್ಕದ ಮನೆಯ ರುದ್ರವ್ವನಿಗೂ ಹತ್ತು ಅಂಕ ಕಡಿಮೆ ಬಿದ್ದಿತ್ತು. ಅವಳ ಮಾವ ತಿರಕಪ್ಪಜ್ಜ ಕಣ್ಣು ಕಾಣದೆ, ನಡು ಮುರಿದು ಮಲಗಿದವನು. ಅಜ್ಜ ನಮ್ಮ ಮನೆಗೆ ಬಂದ, ಅವ್ವ ಅವರ ಮನೆಗೆ ಹೋದಳು. ನಡುವೆ ಒಂದೇ ಗೋಡೆ. ಹೊರಡುವಾಗ ಅವ್ವ ಮಂಚದ ಮೇಲಿನಿಂದಲೇ, ಈ ವಯಸ್ಸಿನಲ್ಲಿ ನನ್ನನ್ನು ಗಂಡನ ಮನೆಗೆ ಕಳಿಸುತ್ತಿದ್ದೀರಿ, ಉಡಿ ತುಂಬುವುದಿಲ್ಲವೇನು ಎಂದಳು. ಮಂಚ ಹೊತ್ತವರು ನಕ್ಕರು. ವೈನಿ ಒಳಗಿನಿಂದ ಬರಲೇ ಇಲ್ಲ.

ಒಬ್ಬರ ಅನುಭವದಲ್ಲಿ ಇನ್ನೊಬ್ಬರ ಕೈ ಸೇರಿದರೆ ಇಬ್ಬರದೂ ರದ್ದು. ಹೇಳದೆ ಕೇಳದೆ ತಪಾಸಣೆಗೆ ಬರುತ್ತಿದ್ದರು. ಮೇಲಿನ ಓಣಿಯಲ್ಲಿ ಒಬ್ಬಳು ಮನಸ್ಸು ತಡೆಯದೆ ತನ್ನ ತಾಯಿಯ ಮೂಗು ಒರೆಸಿದಳೆಂದು ಅವಳ ಅಂಕಕ್ಕೂ, ತಾಯಿಯನ್ನು ಇಟ್ಟುಕೊಂಡವಳ ಅಂಕಕ್ಕೂ ಗೀಟು ಹೊಡೆದಿದ್ದರು. ಹೀಗಾಗಿ ನಾನು ದಿನಕ್ಕೊಮ್ಮೆ ಹೋಗಿ ಅವ್ವನ ಮಂಚದಿಂದ ದೂರ ಕುಳಿತು ಮಾತಾಡಿಸಿ ಬರುತ್ತಿದ್ದೆ, ಮುಟ್ಟುತ್ತಿರಲಿಲ್ಲ. ರುದ್ರವ್ವ ಕೆಟ್ಟವಳಲ್ಲ. ಹೊತ್ತುಹೊತ್ತಿಗೆ ಹೊರಳಿಸುತ್ತಿದ್ದಳು, ಹೊತ್ತುಹೊತ್ತಿಗೆ ನೀರು ಕೊಡುತ್ತಿದ್ದಳು. ಅವ್ವ ಹೊತ್ತುಗೊತ್ತು ನೋಡಿ ನೀರಡಿಸುವವಳಾಗಿರಲಿಲ್ಲ, ಅಷ್ಟೇ.

ವೈನಿ ಈಚೆ ತಿರಕಪ್ಪಜ್ಜನ ಪಾದ ತಿಕ್ಕುತ್ತ ಗೋಡೆಗೆ ಕಿವಿ ಕೊಟ್ಟಿರುತ್ತಿದ್ದಳು. ಆಚೆಯಿಂದ ಅವ್ವನ ಬೈಗುಳ ಕೇಳುತ್ತಿರುವವರೆಗೆ ಅವಳ ಕೈ ಸರಾಗ ನಡೆಯುತ್ತಿತ್ತು. ಬೈಗುಳ ನಿಂತಿತೋ, ಕೈಯೂ ನಿಲ್ಲುತ್ತಿತ್ತು. ಕೂಗಿ ಹೇಳುವಂತಿಲ್ಲ, ಹೇಳಿಕೊಟ್ಟರೂ ಅದು ಕೈ ಸೇರಿಸಿದಂತೆಯೇ. ಸ್ವಲ್ಪ ಹೊತ್ತು ಚಡಪಡಿಸಿ ಕೊನೆಗೆ, ಬೇಡದಿದ್ದರೂ ಅಜ್ಜನ ಬಾಯಿಗೆ ಲೋಟ ಹಿಡಿದು, ಓಣಿಗೆಲ್ಲ ಕೇಳುವಂತೆ, ಅಜ್ಜಾ ನೀರು ಕುಡೀರಿ, ನೀರಡಿಕಿ ಆಗೇತಿ ನಿಮಗ ಎನ್ನುತ್ತಿದ್ದಳು. ರುದ್ರವ್ವ ಕೆಲವು ಸಲ ತಿಳಿದುಕೊಳ್ಳುತ್ತಿದ್ದಳು. ಕೆಲವು ಸಲ ನೀರು ತರಲು ಹೋಗಿರುತ್ತಿದ್ದಳು. ಅಜ್ಜ ಮಾತ್ರ ಪ್ರತಿಸಲ ಕುಡಿದು ಕುಡಿದು ಹಾಸಿಗೆ ಒದ್ದೆ ಮಾಡಿಕೊಂಡು, ನಿಮ್ಮ ಅತ್ತೆಯ ನೀರನ್ನೂ ನಾನೇ ಕುಡಿಯಬೇಕೇನು ತಾಯಿ ಎಂದು ಗೊಣಗುತ್ತಿದ್ದ.

ಚಳಿಗಾಲದಲ್ಲಿ ಅವ್ವನ ಬೆನ್ನಿಗೆ ಹುಣ್ಣಾಯಿತು. ನಾನು ನೋಡಿ ಬಂದು ವೈನಿಗೆ ಹೇಳಲೋ ಬೇಡವೋ ಎಂದುಕೊಂಡು ಕಡೆಗೆ ಹೇಳಿದೆ. ಅವಳು ಎದ್ದು ಬಾಗಿಲವರೆಗೆ ಹೋದಳು. ಅಣ್ಣ ಅಡ್ಡ ನಿಲ್ಲಲಿಲ್ಲ, ಬೈಯಲಿಲ್ಲ. ಎರಡೂ ಕೈ ಮುಂದೆ ಚಾಚಿ ನಿಂತ. ಖಡಿ ಹೊತ್ತು ಒಡೆದ ಕೈ, ಬೆರಳುಗಳು ತಾವಾಗಿಯೇ ಏನನ್ನೋ ಹಿಡಿಯಲು ಹೋಗಿ ಹಿಡಿಯಲಾರದೆ ಮತ್ತೆ ತೆರೆದುಕೊಳ್ಳುತ್ತಿದ್ದವು. "ಈ ಕೈ ನೋಡು ಶಾವಂತ್ರಿ. ಇನ್ನ ನಾಕ ತಿಂಗಳ. ಅಷ್ಟ ತಡಕೋ." ಅವನು ಅಳುತ್ತಿದ್ದನೋ, ಕಣ್ಣಿನ ಆ ಹಳೆಯ ನೀರೋ, ಹೇಳುವುದು ಕಷ್ಟ. ವೈನಿ ತಿರುಗಿ ಬಂದು ಅಜ್ಜನ ಬೆನ್ನಿಗೆ ಎಣ್ಣೆ ಹಚ್ಚಿದಳು. ಆ ಬೆನ್ನಿಗೆ ಏನೂ ಆಗಿರಲಿಲ್ಲ. ಅಷ್ಟು ಚೆನ್ನಾಗಿ ನೋಡಿಕೊಂಡಿದ್ದಳು.

ಅಂಕ ತುಂಬಿದ ಕೆಲವರು ಅಷ್ಟರಲ್ಲಿ ದಾಟಿಯೂ ಹೋದರು. ಹರೆಯದವರು, ಮಾತಿಗೆ ಪೂರ್ತಿ ಅಂಕ ಪಡೆದವರು, ಮೊದಲೇ ದವಾಖಾನೆಯಲ್ಲಿ ದುಡಿದವರು. ಗೇಟು ಅವರಿಗೆ ತೆರೆದು ಮುಚ್ಚಿದ ಸದ್ದು ಊರಿಗೆಲ್ಲ ಕೇಳಿಸಿತು. ಆ ಸದ್ದು ಕೇಳಿದ ದಿನ ಜನ ಇನ್ನೂ ಮುತುವರ್ಜಿಯಿಂದ ಪರರ ಮುದುಕರ ಕಾಲು ಒತ್ತಿದರು.

ಪಟ್ಟಿ ಓದುವ ಹಿಂದಿನ ದಿನಕ್ಕೆ ನಮ್ಮಲ್ಲಿ ಕೈಹಬ್ಬ ಎನ್ನುತ್ತಾರೆ. ನಾಳೆ ಯಾರ ಕೈಯಿಂದ ಏನು ಹೋಗುತ್ತದೋ, ಆದ್ದರಿಂದ ಎಲ್ಲ ಕೈಯಿಂದಲೂ ಎಲ್ಲವನ್ನೂ ಒಮ್ಮೆ ಮಾಡಿಸಿಕೊಳ್ಳುವ ದಿನ. ಕ್ಷೌರಿಕ ಊರಿನ ಗಡ್ಡಗಳನ್ನೆಲ್ಲ ಬೋಳಿಸುತ್ತಾನೆ, ಕುಂಬಾರ ಬೆಳಗಿನಿಂದ ಗಡಿಗೆ ತಿರುವುತ್ತಾನೆ. ಆರೈಕೆಯ ಬಗ್ಗೆ ಆ ವರ್ಷ ಯಾರಿಗೂ ಅಂಜಿಕೆಯಿರಲಿಲ್ಲ. ಪಟ್ಟಿಗೆ ಬಂದು ಒಂದೇ ವರ್ಷ, ವೆಲ್ಡಿಂಗ್ ಏಳು ವರ್ಷ ಇರಲಿಲ್ಲವೇ ಎನ್ನುತ್ತಿದ್ದರು. ವೈನಿಯ ವರ್ಷ ತುಂಬಲು ಎರಡೇ ತಿಂಗಳು ಉಳಿದಿತ್ತು. ಆದರೂ ಅವಳು ಸಂಜೆ ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ಹಿತ್ತಲಿನಲ್ಲಿ ಗೋಡೆಯ ಹತ್ತಿರ ನಿಂತಿದ್ದಳು. ಒಂದು ಸಲ ಹೋಗಿ ಅತ್ತೆಯ ತಲೆಗೆ ತಟ್ಟಿ ಬರಲೇ ಎಂದು ನನ್ನನ್ನು ಕೇಳಿದಳು. ತಪಾಸಣೆಯವರು ಇದ್ದಾರೇನೋ ಎಂದು ನಾನು ಓಣಿಯ ಕಡೆ ನೋಡಿದೆ. ಎಣ್ಣೆ ಬೆರಳ ಸಂದಿನಿಂದ ಇಳಿದು ನೆಲಕ್ಕೆ ಸೋರಿತು. ಉಳಿದದ್ದನ್ನು ಅವಳು ತನ್ನ ತಲೆಗೇ ಒರೆಸಿಕೊಂಡು ಒಳಗೆ ಬಂದಳು.

ಮರುದಿನ ಮೈಕು ಮೊದಲು ಸೇರಿಸಿದ್ದನ್ನು ಓದಿತು. ಆಮೇಲೆ ತೆಗೆದದ್ದನ್ನು ಓದಿತು. ಆರೈಕೆ, ಬೇಕಾದಷ್ಟು ಜನ ಸಿಕ್ಕಿದ್ದಾರೆ, ಸಹಕರಿಸಿದವರಿಗೆಲ್ಲ ವಂದನೆಗಳು.

ವೈನಿ ಆಗ ತಿರಕಪ್ಪಜ್ಜನನ್ನು ಹೊರಳಿಸುತ್ತಿದ್ದಳು. ಅ‌ಜ್ಜ ಅರ್ಧ ಹೊರಳಿದ್ದ. ಅವಳ ಒಂದು ಕೈ ಅವನ ಭುಜದ ಕೆಳಗಿತ್ತು, ಇನ್ನೊಂದು ಸೊಂಟದ ಮೇಲೆ. ಆ ಕೈಗಳು ಅಲ್ಲಿ ಯಾಕಿವೆ ಎಂದು ಅವಳು ನೋಡಿದಳು. ಇಷ್ಟು ದೊಡ್ಡ ದೇಹ ತನ್ನ ಮೇಲೆ ಯಾಕೆ ಒರಗಿದೆ ಎಂದು ಗಾಬರಿಯಾಗಿ ಹಿಂದೆ ಸರಿದಳು. ಅಜ್ಜ ಜಾರಿ ಮಂಚದ ಅಂಚಿಗೆ ಬಿದ್ದು ಕೂಗಿದ. ನಾನು ಎತ್ತಲು ಹೋದೆ. ಮೂಟೆಯನ್ನಾದರೆ ಎತ್ತಬಲ್ಲೆ, ನೋಯುವ ಮನುಷ್ಯನನ್ನು ಎಲ್ಲಿ ಹಿಡಿಯಬೇಕು. ಹೊರಗೆ ಎದುರುಮನೆಯ ಕಟ್ಟೆಯ ಮೇಲೆ ಬಾಣಂತಿಯೊಬ್ಬಳು ಕೂಸನ್ನು ಎದೆಯಿಂದ ದೂರ ಹಿಡಿದು, ಇದಕ್ಕೇನು ಬೇಕಾಗಿದೆ ಯಾರಾದರೂ ಹೇಳಿ ಎಂದು ಓಣಿಯನ್ನೇ ಕೇಳುತ್ತಿದ್ದಳು. ಎದೆಯಿಂದ ಹಾಲು ಸೋರಿ ಸೀರೆ ನೆನೆಯುತ್ತಿತ್ತು.

ಅಂಕ ಮುಗಿದ ಮೇಲೆ ಇನ್ನು ಯಾವ ನಿಯಮ. ಮಂಚಗಳು ತಿರುಗಿ ಮನೆಗೆ ಬಂದವು. ಮಂಚ ಹೊರುವುದು ನಮಗೆ ಬರುತ್ತಿತ್ತು. ಅವ್ವನನ್ನು ಅವಳ ಜಾಗದಲ್ಲಿ ಇಳಿಸಿದೆವು. ಅವಳು ಎಷ್ಟು ಸಣ್ಣಗಾಗಿದ್ದಾಳೆಂದು ವೈನಿ ಅಂದೇ ಹತ್ತಿರದಿಂದ ನೋಡಿದ್ದು. ಮಂಡಿಯೂರಿ ಕೂತು, ಅತ್ತೀ ಬಂದೀನ್ರಿ ಎಂದಳು. ಅದರ ಮುಂದಿನದು ಅವಳಿಗೆ ಗೊತ್ತಿರಲಿಲ್ಲ. ಅನ್ನ ತಂದಳು, ಎಷ್ಟು, ಎಲ್ಲಿ, ಹೇಗೆ ಎಂದು ತಿಳಿಯದೆ ಗಲ್ಲದ ಮೇಲೆ ಒತ್ತಿದಳು. ನೀರು ತಂದಳು, ಅದು ಮೂಗಿಗೆ ಹೋಗಿ ಅವ್ವ ಕೆಮ್ಮಿ ನೀಲಿಯಾದಳು. ಅವ್ವ ತನ್ನ ಬಲಗೈಯಿಂದ ತಾನೇ ಕುಡಿಯಲು ನೋಡಿದಳು. ತನ್ನನ್ನು ತಾನು ನೋಡಿಕೊಳ್ಳುವುದೂ ಆರೈಕೆಯೇ ಆಗಿತ್ತು. ಲೋಟವನ್ನು ಹಣೆಯವರೆಗೆ ಒಯ್ದು ಅಲ್ಲಿ ಹಿಡಿದುಕೊಂಡಳು.

ಮೊದಲ ದಿನಗಳಲ್ಲಿ ಅವ್ವ ಬೈದಳು, ನಗಿಸಲು ನೋಡಿದಳು. "ನಾನು ಹೇಳ್ತೀನಿ, ನೀ ಮಾಡು" ಎಂದು ಹೇಳಿಕೊಡಲು ಹೊರಟಳು. ಆದರೆ ನಮ್ಮನ್ನು ಎತ್ತಿ ಆಡಿಸಿ ಬೆಳೆಸಿದ ಅವಳಿಗೂ ಹೇಳಲು ಏನೂ ಉಳಿದಿರಲಿಲ್ಲ. ವೈನಿ ಗೇಟಿಗೆ ಹೋಗಿ ಕೂಗಿದಳು. ತಾನು ಹೇಳಿ ಬರೆಸಿದ್ದನ್ನು ತನಗೊಮ್ಮೆ ಓದಿ ಹೇಳಿರಿ, ಇನ್ನೇನೂ ಬೇಡ ಎಂದು ಅಂಗಲಾಚಿದಳು. ಅದು ಈಗ ಆಚೆಯವರ ತರಬೇತಿಯ ಪುಸ್ತಕ, ಹೊರಗಿನವರಿಗೆ ಕೊಡುವಂತಿಲ್ಲ ಎಂದು ಉತ್ತರ ಬಂತು. ಆಚೆ ಯಾವಳೋ ಒಬ್ಬಳು ಯಾರದೋ ತಾಯಿಯನ್ನು ಶಾವಂತ್ರಿಯ ಕೈಯಿಂದ ಹೊರಳಿಸುತ್ತಿದ್ದಿರಬೇಕು. ಈಚೆ ಶಾವಂತ್ರಿ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿ ಹಗಲು ಅವ್ವನ ಪಕ್ಕ ಕುಳಿತಳು. ಕುಳಿತಿರುವುದೊಂದು ಯಾವ ಪಟ್ಟಿಗೂ ಬಂದಿರಲಿಲ್ಲ.

ಆ ವಾರ ಊರಿನಲ್ಲಿ ತಿರಕಪ್ಪಜ್ಜ ಹೋದ, ಕೂಸುಗಳು ಹೋದವು, ನಾವು ಹೆಸರು ಹಿಡಿದು ಅಳುವುದನ್ನು ಬಿಟ್ಟು ಒಟ್ಟಿಗೇ ಅತ್ತೆವು. ಅವ್ವ ಒಂದು ನಸುಕಿನಲ್ಲಿ ಹೋದಳು. ಕಡೆಯ ಮಾತೆಂದು ಏನೂ ಇಲ್ಲ. ಬಾಯಿ ಒಣಗಿ ನಾಲಗೆ ಅಂಟಿಕೊಂಡಿತ್ತು.

ಹೆಣವನ್ನು ಅಂಗಳದಲ್ಲಿ ಇಳಿಸಿದ್ದೆವು. ಓಣಿಯವರು ಸೇರಿದ್ದರು. ಸತ್ತವರನ್ನು ಮೀಯಿಸಿ ಸಾಗಿಸುವುದು ಎಲ್ಲರಿಗೂ ಬರುತ್ತಿತ್ತು, ಅದಕ್ಕೇ ಎಲ್ಲರ ಕೈಯಲ್ಲೂ ಒಂದು ಬಗೆಯ ಆತುರವಿತ್ತು, ಕಡೆಗೂ ಏನೋ ಮಾಡಬಲ್ಲೆವು ಎಂಬಂತೆ. ಆಗ ಗುಂಪು ಸರಿದು ದಾರಿ ಬಿಟ್ಟಿತು. ಅಳತೆಯ ಮೇಡಂ ಬಂದರು. ಚಪ್ಪಲಿಯನ್ನು ಹೊರಗೆ ಬಿಟ್ಟು ಬಂದು, ಹೆಣಕ್ಕೆ ಕೈಮುಗಿದು, ವೈನಿಯ ಪಕ್ಕದಲ್ಲಿ ಮೊಣಕಾಲೂರಿ ಕುಳಿತರು. ನಿಮ್ಮ ನೋವು ನನಗೆ ಅರ್ಥವಾಗುತ್ತದೆ ಎಂದರು. ಆಚೆ ಈಗ ಸಾಯುವವರು ಹೆಚ್ಚು, ಸಾಗಿಸುವವರು ಕಡಿಮೆ, ಮುಂದಿನ ಪಟ್ಟಿಗೆ ಯೋಚನೆ ನಡೆದಿದೆ, ಇದಕ್ಕೆ ವಯಸ್ಸನ್ನು ನೋಡುವುದಿಲ್ಲವಂತೆ ಎಂದರು. ಕಡೆಯ ಮಾತನ್ನು ಅಣ್ಣನ ಕಡೆ ನೋಡಿ ಹೇಳಿದರು. ಆಮೇಲೆ ಪೆನ್ನು ತೆಗೆದು, ಅದೇ ಮೆತ್ತಗಿನ ದನಿಯಲ್ಲಿ ಕೇಳಿದರು:

"ಮೊದಲು ಏನು ಮಾಡುತ್ತೀರಿ ನೀವು?"

ವೈನಿ ಅವರ ಮುಖ ನೋಡಿದಳು. ತುಟಿ ಬಿಗಿದಳು. ನಾನೂ ಬಿಗಿದೆ. ರುದ್ರವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ವೈನಿ ಕುಳಿತಲ್ಲಿಂದಲೇ ತಿರುಗಿ ಅಣ್ಣನ ಕಡೆ ನೋಡಿದಳು. ಬೇಡ ಎಂದು ತಲೆಯಾಡಿಸಿದಳು. ಇನ್ನೊಮ್ಮೆ ತಲೆಯಾಡಿಸಿದಳು.

ಅಣ್ಣ ಅವಳನ್ನು ನೋಡಲಿಲ್ಲ. ತನ್ನ ಅಂಗೈ ನೋಡಿಕೊಂಡು, ಎರಡೂ ಕೈ ಜೋಡಿಸಿ, ಒಂದು ಹೆಜ್ಜೆ ಮುಂದೆ ಬಂದ.

"ಮೊದಲ ನೀರು ಕಾಸ್ತೀವ್ರಿ" ಎಂದ.